ಅವರೆಕಾಯಿಯ ಲೆಕ್ಕ ಕಾಡುಪಾಪಕ್ಕೆ ಒಗ್ಗದು

ಚಳಿ ಬಿದ್ದು ಇಬ್ಬನಿ ಇಳಿಯತೊಡಗಿತೆಂದರೆ ಮಾಗಡಿ ಸೀಮೆಯ ಹೊಲಗಳ ಮೇಲೆಲ್ಲ ಅವರೆಯ ಸೊಗಡು. ಬೆಳಗಿನ ಜಾವಕ್ಕೇ ಕಾಯಿ ಕಿತ್ತು, ಮೂಟೆ ಕಟ್ಟಿ ರಸ್ತೆ ಬದಿಗೆ ತಂದಿಳಿಸುತ್ತಾರೆ. ಅಂಥದೊಂದು ಬೆಳಿಗ್ಗೆ ಕುದೂರಿನ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ಹುಡುಗ ಒಂದು ಸುದ್ದಿಯ ಮೇಲೆ ಬೆರಳಿಟ್ಟ. ಎರಡು ತಲೆ ಹಾವನ್ನು ಮಾರಲು ಹೊರಟವರು ಪೊಲೀಸರ ಕೈಗೆ ಸಿಕ್ಕಿಬಿದ್ದ ಸುದ್ದಿ.

“ಅಲ್ಲ ಸಾರ್, ಹಾವನ್ನ ಕೊಂದಿಲ್ಲ, ಹೊಡೆದಿಲ್ಲ. ಹೊಲದಾಗೆ ಸಿಕ್ಕಿದ್ದನ್ನ ಮಾರಕ್ಕೆ ಹೋಗವ್ರೆ. ಅಷ್ಟಕ್ಕೇ ಜೈಲಾ? ಅಲ್ಲಿ ನೋಡಿ, ಅವರೆಕಾಯಿ ಮಾರ್ತಾವ್ರೆ. ಅವರನ್ನ ಯಾರಾದ್ರೂ ಏನಾದ್ರೂ ಕೇಳ್ತಾರಾ?”

ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಕಾಡುಜೀವಿಗಳ ಮಾರಾಟವನ್ನು ತಡೆಯುವ ಕಾನೂನಿನ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಬಹುಪಾಲು ಜನರ ಮನಸ್ಸಿನಲ್ಲಿರುವ ಪ್ರಶ್ನೆಯೂ ಇದೇ. ನಾವು ಸಾಮಾನ್ಯವಾಗಿ ಕೊಡುವ ಉತ್ತರ, “ಪಾಪ, ಮೂಕಪ್ರಾಣಿ” ಎಂಬಲ್ಲಿಗೆ ಮುಗಿಯುತ್ತದೆ. ಕರುಣೆ ದೊಡ್ಡದು, ಅನುಮಾನವಿಲ್ಲ. ಆದರೆ ಈ ಕಾನೂನುಗಳು ನಿಂತಿರುವುದು ಕರುಣೆಯೊಂದರ ಮೇಲೆ ಅಲ್ಲ, ಒಂದು ಲೆಕ್ಕದ ಮೇಲೆ. ಆ ಲೆಕ್ಕ ಹುಡುಗ ಕೊಟ್ಟ ಹೋಲಿಕೆಯಲ್ಲೇ ಇತ್ತು. ಅವರೆಕಾಯಿಗೂ ಹಾವಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ನೋಡಿದರೆ ಕಾನೂನಿನ ಉದ್ದೇಶ ತಾನಾಗಿ ತಿಳಿಯುತ್ತದೆ.

ಅವರೆಯ ಲೆಕ್ಕ ಹೀಗಿದೆ. ಈ ವರ್ಷ ಕಾಯಿಗೆ ಒಳ್ಳೆಯ ಬೆಲೆ ಬಂತೆನ್ನಿ. ಮುಂದಿನ ಮುಂಗಾರಿಗೆ ರೈತ ರಾಗಿ ಹೊಲದಲ್ಲಿ ಇನ್ನೂ ನಾಲ್ಕು ಅಕ್ಕಡಿ ಸಾಲು ಹೆಚ್ಚಿಗೆ ಹಾಕುತ್ತಾನೆ. ಅವನನ್ನು ನೋಡಿ ಪಕ್ಕದ ಹೊಲದವನೂ ಹಾಕುತ್ತಾನೆ. ಕಾಯಿ ಹೆಚ್ಚು ಬಂದಾಗ ಬೆಲೆ ಇಳಿಯುತ್ತದೆ. ರಾಮನಗರದ ಮಾರುಕಟ್ಟೆಗೆ ಬರುವ ರೇಷ್ಮೆ ಗೂಡಿನದೂ ಇದೇ ಕಥೆ. ಗೂಡಿಗೆ ಬೆಲೆ ಏರಿದರೆ ಹಿಪ್ಪುನೇರಳೆ ತೋಟ ಹೆಚ್ಚುತ್ತದೆ, ಹುಳು ಸಾಕುವವರು ಹೆಚ್ಚುತ್ತಾರೆ. ಮನುಷ್ಯ ಬೆಳೆಯುವ, ಸಾಕುವ ಯಾವ ಸರಕೇ ಆಗಲಿ, ಕೊಳ್ಳುವವರು ಹೆಚ್ಚಿದಷ್ಟೂ ಅದು ಹೆಚ್ಚುತ್ತದೆ. ನಾವು ಅವರೆ ತಿನ್ನುತ್ತಿರುವುದರಿಂದಲೇ ಅವರೆ ಉಳಿದಿದೆ.

ಈಗ ಕಾಡುಪಾಪದ ಲೆಕ್ಕ ನೋಡೋಣ. ಸಾವನದುರ್ಗದ ಕುರುಚಲು ಕಾಡಿನಲ್ಲಿ, ತುಮಕೂರಿನ ನಾಗವಲ್ಲಿಯ ಸುತ್ತಲಿನ ತೋಪು ಬೇಲಿಗಳಲ್ಲಿ ಇರುಳು ಹೊತ್ತು ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ಕೈ ಚಾಚುತ್ತಾ ಸಾಗುವ ಜೀವಿ ಅದು. ಕಾಲು ಕಿಲೋ ಆಸುಪಾಸಿನ ಮೈ, ಮುಖದ ತುಂಬ ಕಣ್ಣು. ಹುಳು ಹುಪ್ಪಟೆ ಅದರ ಆಹಾರ. ಬಸಿರು ನಿಂತ ಮೇಲೆ ಹೆರಲು ಐದು ತಿಂಗಳಿಗೂ ಹೆಚ್ಚು ಬೇಕು. ಹುಟ್ಟುವುದು ಒಂದು ಮರಿ, ಇಲ್ಲವೇ ಎರಡು. ಓಡಲಾರದು, ಹಗಲು ಕಣ್ಣಿಗೆ ಬಿದ್ದರೆ ತಪ್ಪಿಸಿಕೊಳ್ಳಲಾರದು. ಇದರ ಕಣ್ಣೀರು ಔಷಧ, ಇದರ ಮೈ ಮಾಟಕ್ಕೆ ಬೇಕು ಎಂದು ನಂಬಿಸಿ ಹಿಡಿದು ಮಾರುವವರು ಬಹಳ ಹಿಂದಿನಿಂದಲೂ ಇದ್ದಾರೆ. ಕಾಡುಪಾಪಕ್ಕೆ ಬೆಲೆ ಏರಿತೆಂದುಕೊಳ್ಳಿ. ಅದನ್ನು ಬಿತ್ತುವವರು ಯಾರು? ಯಾವ ರೈತನೂ ಇಲ್ಲ. ಬೆಲೆ ಎಷ್ಟೇ ಏರಲಿ, ಅದು ಹೆರುವ ಮರಿ ಎರಡು ಮೂರಾಗುವುದಿಲ್ಲ. ಹೆಚ್ಚುವುದು ಹಿಡಿಯುವವರ ಸಂಖ್ಯೆ ಮಾತ್ರ.

ಅವರೆಕಾಯಿಯ ಸಂತೆಯಲ್ಲಿ ಬೆಲೆ ಒಂದು ಕಡಿವಾಣ. ಕಾಡುಜೀವಿಯ ಸಂತೆಯಲ್ಲಿ ಅದೇ ಬೆಲೆ ಬಾರುಕೋಲಾಗುತ್ತದೆ. ಜೀವಿ ಅಪರೂಪವಾದಷ್ಟೂ ಬೆಲೆ ಏರುತ್ತದೆ, ಬೆಲೆ ಏರಿದಷ್ಟೂ ಇನ್ನಷ್ಟು ಜನ ಹುಡುಕಿಕೊಂಡು ಹೋಗುತ್ತಾರೆ, ಜೀವಿ ಮತ್ತಷ್ಟು ಅಪರೂಪವಾಗುತ್ತದೆ. ಕೊನೆಯ ಒಂದು ಉಳಿದಾಗ ಅದಕ್ಕೆ ಎಲ್ಲಕ್ಕಿಂತ ದೊಡ್ಡ ಬೆಲೆ. ಈ ಗಾಣ ತನ್ನಷ್ಟಕ್ಕೆ ತಾನು ನಿಲ್ಲುವುದಿಲ್ಲ, ಹೊರಗಿನಿಂದ ಯಾರಾದರೂ ನಿಲ್ಲಿಸಬೇಕು. ಹಾಗೆ ನಿಲ್ಲಿಸುವ ಕೈಯೇ ಕಾನೂನು.

ಹುಡುಗ ಕೇಳಿದ ಎರಡು ತಲೆ ಹಾವಿಗೆ ಬರೋಣ. ಮಣ್ಣುಮುಕ್ಕ ಎಂದೂ ಕರೆಯುವ ಈ ಹಾವಿಗೆ ಇರುವುದು ಒಂದೇ ತಲೆ. ಬಾಲದ ತುದಿ ಮೊಂಡಾಗಿ ತಲೆಯಂತೆ ಕಾಣುವುದು ಶತ್ರುವಿಗೆ ದಾರಿ ತಪ್ಪಿಸಲು ಪ್ರಕೃತಿ ಕೊಟ್ಟ ಉಪಾಯ. ವಿಷವಿಲ್ಲ. ಮಣ್ಣಿನೊಳಗೆ ಹುದುಗಿದ್ದು ಇಲಿಗಳನ್ನು ಹಿಡಿದು ತಿನ್ನುತ್ತದೆ. ಅಂದರೆ ಹೊಲದವನಿಗೆ ಸಂಬಳವಿಲ್ಲದ ಕಾವಲುಗಾರ. ಇದನ್ನು ಮನೆಯಲ್ಲಿಟ್ಟರೆ ಅದೃಷ್ಟ ಖುಲಾಯಿಸುತ್ತದೆ, ಇಷ್ಟು ತೂಕ ಬಂದರೆ ಇಷ್ಟು ಲಕ್ಷ ಎಂದು ಹಬ್ಬಿಸಿರುವ ಸುಳ್ಳಿನಿಂದ ಕರ್ನಾಟಕದ ಜಿಲ್ಲೆ ಜಿಲ್ಲೆಯಲ್ಲೂ ಈ ಹಾವುಗಳು ಚೀಲ ಸೇರಿವೆ. ಅಕ್ಕಿ ಕಾಳು ಸೆಳೆಯುವ ಪವಾಡದ ಪಾತ್ರೆಯೆಂದು ನಂಬಿಸುವ ರೈಸ್ ಪುಲ್ಲಿಂಗ್ ಹೆಸರಿನಲ್ಲಿ ಜನ ಮನೆಮಠ ಕಳೆದುಕೊಂಡದ್ದನ್ನು ನಾವು ಕಂಡಿದ್ದೇವೆ. ಇದು ಅದೇ ಮೋಸ, ವ್ಯತ್ಯಾಸವೆಂದರೆ ಇಲ್ಲಿ ಪಾತ್ರೆಯ ಬದಲು ಒಂದು ಜೀವವಿದೆ. ಹಿಡಿದವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ದಾಟಿಸುತ್ತಾ ಹೋಗುತ್ತಾರೆ. ಅದೃಷ್ಟ ಯಾರ ಮನೆಗೂ ಬರುವುದಿಲ್ಲ. ಹೊಲದಲ್ಲಿ ಮಾತ್ರ ಇಲಿ ಹೆಚ್ಚುತ್ತದೆ.

“ಕೊಂದಿಲ್ಲವಲ್ಲ” ಎಂಬ ಮಾತಿಗೂ ಕಾನೂನಿನಲ್ಲಿ ಉತ್ತರವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಬೇಟೆ’ ಎಂಬ ಮಾತಿಗೆ ನಮ್ಮ ದಿನಬಳಕೆಗಿಂತ ಅಗಲವಾದ ಅರ್ಥ ಕೊಟ್ಟಿದೆ. ಕೊಲ್ಲುವುದಷ್ಟೇ ಅಲ್ಲ, ಜೀವಂತ ಹಿಡಿಯುವುದು, ಉರುಳು ಹಾಕುವುದು, ಬಲೆ ಒಡ್ಡುವುದು, ಹಕ್ಕಿಯ ಅಥವಾ ಹಾವು ಆಮೆಗಳ ಮೊಟ್ಟೆ ಕೆಡಿಸುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಕಾಡಿನ ಮಟ್ಟಿಗೆ ಇದು ಸರಿಯಾದ ಲೆಕ್ಕ. ಗುಂಡು ತಗುಲಿ ಸತ್ತ ಕಾಡುಪಾಪವೂ, ಗೋಣಿಚೀಲ ಸೇರಿ ಊರು ಬಿಟ್ಟ ಕಾಡುಪಾಪವೂ ಒಂದೇ. ಎರಡೂ ಇನ್ನು ಸಾವನದುರ್ಗದಲ್ಲಿ ಮರಿ ಹಾಕುವುದಿಲ್ಲ.

ಕಾಡುಪಾಪ, ಚಿಪ್ಪುಹಂದಿ, ಚಿರತೆ, ಆನೆ, ಹುಲಿ ಈ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಈ ಸಾಲಿನ ಪ್ರಾಣಿಗಳನ್ನು ಬೇಟೆಯಾಡಿದವರಿಗೆ ಕನಿಷ್ಠ 3 ವರ್ಷದಿಂದ 7 ವರ್ಷದವರೆಗೆ ಸೆರೆವಾಸ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಇನ್ನೊಂದು ಅಂಶವೂ ಇದೆ. ಇಂಥ ಪ್ರಾಣಿಯ ಅಂಗವೋ ಚರ್ಮವೋ ಒಬ್ಬನ ಬಳಿ ಇದ್ದದ್ದು ಸಾಬೀತಾದರೆ, ಅದು ಕಾನೂನುಬದ್ಧವಾಗಿ ಬಂದದ್ದೆಂದು ತೋರಿಸುವ ಹೊಣೆ ಇಟ್ಟುಕೊಂಡವನದು.

ಈ ಕೊನೆಯ ಮಾತು 2023ರ ಅಕ್ಟೋಬರ್‌ನಲ್ಲಿ ನಾಡಿನ ಮನೆಮನೆಯಲ್ಲೂ ಚರ್ಚೆಯಾಯಿತು. ಕನ್ನಡದ ರಿಯಾಲಿಟಿ ಶೋ ಒಂದರ ಸ್ಪರ್ಧಿ ಕೊರಳಲ್ಲಿ ಹುಲಿ ಉಗುರಿನ ಲಾಕೆಟ್ ಹಾಕಿಕೊಂಡಿದ್ದಕ್ಕೆ ಬಂಧನಕ್ಕೊಳಗಾದರು. “ಅಜ್ಜನ ಕಾಲದ್ದು, ಯಾರೋ ಕೊಟ್ಟಿದ್ದು, ಇದರಲ್ಲಿ ತಪ್ಪೇನು” ಎಂಬ ಮಾತು ಎಲ್ಲೆಡೆ ಕೇಳಿಬಂತು. ಇಂಥ ವಸ್ತುಗಳನ್ನು ಒಪ್ಪಿಸಲು 2024ರ ಆರಂಭದಲ್ಲಿ ರಾಜ್ಯ ಸರ್ಕಾರ ಮೂರು ತಿಂಗಳ ಕಾಲಾವಕಾಶವನ್ನೂ ಪ್ರಕಟಿಸಿತು. ಅಜ್ಜನ ಉಗುರನ್ನೂ ಕಾನೂನು ಏಕೆ ಬಿಡುವುದಿಲ್ಲ? ಅಜ್ಜನ ಉಗುರಿಗೂ ನಿನ್ನೆ ಸತ್ತ ಹುಲಿಯ ಉಗುರಿಗೂ ನೋಟದಲ್ಲಿ ವ್ಯತ್ಯಾಸವಿಲ್ಲ. ಹಳೆಯದರ ಮಾರಾಟಕ್ಕೆ ಬಾಗಿಲು ತೆರೆದಿಟ್ಟರೆ ಹೊಸದೂ ಅದೇ ಬಾಗಿಲಲ್ಲಿ ಹಳೆಯ ಬಟ್ಟೆ ತೊಟ್ಟು ಬರುತ್ತದೆ. ಅಷ್ಟೇ ಅಲ್ಲ, ಕೊರಳಿನ ಒಂದು ಉಗುರು ನೋಡುವವರ ಮನಸ್ಸಿನಲ್ಲಿ ಹತ್ತು ಉಗುರಿನ ಆಸೆ ಹುಟ್ಟಿಸುತ್ತದೆ.

ಆದ್ದರಿಂದಲೇ ಕಾಡಿನಲ್ಲಿ ಹುಲಿ ಸಹಜವಾಗಿ ಸತ್ತರೂ ಅರಣ್ಯ ಇಲಾಖೆ ಅದನ್ನು ಉಗುರು, ಹಲ್ಲು, ಚರ್ಮ ಸಮೇತ ಸಾಕ್ಷಿಗಳ ಎದುರು ಸುಡುತ್ತದೆ. ಅಷ್ಟು ಬೆಲೆಬಾಳುವುದನ್ನು ಮಾರಿ ಕಾಡಿಗೇ ಖರ್ಚು ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಮಾರಿದ ದಿನ ಆ ವಸ್ತುವಿಗೆ ಮಾರುಕಟ್ಟೆ ಹುಟ್ಟುತ್ತದೆ, ಮಾರುಕಟ್ಟೆ ಹುಟ್ಟಿದ ಮರುದಿನ ಬದುಕಿರುವ ಹುಲಿಯ ತಲೆಗೆ ಬೆಲೆ ಕಟ್ಟಿದಂತಾಗುತ್ತದೆ. ಆ ಬೆಂಕಿ ಸತ್ತ ಹುಲಿಗಾಗಿ ಉರಿಯುವುದಲ್ಲ, ಬದುಕಿರುವ ಹುಲಿಗಾಗಿ.

ಬೇಡಿಕೆ ಎಂಬುದು ಏನು ಮಾಡಬಲ್ಲದು ಎಂಬುದಕ್ಕೆ ರಾಜಸ್ಥಾನದ ಸರಿಸ್ಕಾ ಸಾಕ್ಷಿ. ಅದು ಹುಲಿಗೆಂದೇ ಮೀಸಲಾದ ಕಾಡು. ಕಾವಲಿತ್ತು, ಕಾನೂನಿತ್ತು. ಆದರೂ 2005ರ ಹೊತ್ತಿಗೆ ಅಲ್ಲಿ ಒಂದೇ ಒಂದು ಹುಲಿ ಉಳಿದಿರಲಿಲ್ಲ. ಗಡಿಯಾಚೆ ಹುಲಿಯ ಚರ್ಮಕ್ಕೂ ಮೂಳೆಗೂ ಇದ್ದ ಬೆಲೆ ಅಷ್ಟನ್ನೂ ಎಳೆದುಕೊಂಡಿತ್ತು. ಕಾಡಿನೊಳಗೆ ನಿಂತು ಹುಲಿ ಕಾಯುವುದು ಎಷ್ಟು ಮುಖ್ಯವೋ, ಹುಲಿ ಮಾರಾಟವಾಗುವ ದಾರಿಯನ್ನು ಕಾಯುವುದೂ ಅಷ್ಟೇ ಮುಖ್ಯ ಎಂದು ದೇಶಕ್ಕೆ ಮನವರಿಕೆಯಾದದ್ದು ಆಗ. 2007ರಲ್ಲಿ ಕೇಂದ್ರ ಸರ್ಕಾರ ವನ್ಯಜೀವಿ ಅಪರಾಧ ನಿಯಂತ್ರಣ ದಳವನ್ನು ಕಟ್ಟಿತು.

ಈ ದಾರಿ ಒಂದೇ ಊರಿನಲ್ಲಿ, ಒಂದೇ ದೇಶದಲ್ಲಿ ಮುಗಿಯುವುದಿಲ್ಲ. ನಕ್ಷತ್ರ ಆಮೆಯನ್ನು ನೋಡಿ. ಒಣ ಕುರುಚಲಿನಲ್ಲಿ ಹುಲ್ಲು ಮೇಯುತ್ತಾ ಬದುಕುವ ಈ ಆಮೆಯ ಬೆನ್ನ ಮೇಲಿನ ಹಳದಿ ನಕ್ಷತ್ರಗಳೇ ಅದಕ್ಕೆ ಮುಳುವಾದವು. ಮನೆಯಲ್ಲಿದ್ದರೆ ಲಕ್ಷ್ಮಿ ಎಂಬ ನಂಬಿಕೆ ಒಳನಾಡಿನದು, ಮುದ್ದಿಗೆ ಸಾಕುವ ಹುಚ್ಚು ಹೊರದೇಶದ್ದು. ಥಾಯ್ಲೆಂಡ್, ಮಲೇಷ್ಯಾ ಕಡೆಗೆ ಹೊರಟ ಆಮೆಗಳು ಸೂಟ್‌ಕೇಸುಗಳ ತುಂಬ ಚೆನ್ನೈ, ಬೆಂಗಳೂರು ವಿಮಾನ ನಿಲ್ದಾಣಗಳಲ್ಲಿ ಎಷ್ಟೋ ಸಲ ಸಿಕ್ಕಿವೆ. ಹಿಡಿಯುವ ಕೈ ಇಲ್ಲಿ, ಹಣ ಕೊಡುವ ಕೈ ಅಲ್ಲಿ. ನಮ್ಮ ಕಾನೂನು ನಮ್ಮ ಗಡಿಗೆ ನಿಂತುಬಿಡುತ್ತದೆ. ಕೊಳ್ಳುವವನ ನಾಡಿನಲ್ಲೂ ಕಾನೂನು ಇರಬೇಕಾದರೆ ದೇಶದೇಶಗಳು ಕೂತು ಒಂದು ಮಾತಿಗೆ ಬರಬೇಕು.

ಹಾಗೆ ಬಂದ ಮಾತೇ ಸೈಟಿಸ್ ಒಪ್ಪಂದ. ಅಳಿವಿನಂಚಿನ ಪ್ರಾಣಿ ಮತ್ತು ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡುವ ಈ ಒಪ್ಪಂದಕ್ಕೆ 1973ರ ಮಾರ್ಚ್ 3ರಂದು ವಾಷಿಂಗ್ಟನ್‌ನಲ್ಲಿ ಸಹಿ ಬಿತ್ತು, 1975ರಲ್ಲಿ ಜಾರಿಗೆ ಬಂತು, 1976ರಲ್ಲಿ ಭಾರತ ಸೇರಿತು. ಮಾರ್ಚ್ 3ನ್ನು ಈಗ ವಿಶ್ವ ವನ್ಯಜೀವಿ ದಿನವಾಗಿ ಆಚರಿಸುವುದು ಆ ಸಹಿಯ ನೆನಪಿಗೆ. ಇಂದು 180ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಇದರ ಪಟ್ಟಿಯಲ್ಲಿರುವ ಜೀವಜಾತಿಗಳು 40,000ಕ್ಕೂ ಹೆಚ್ಚು.

ಈ ಒಪ್ಪಂದವೆಂದರೆ ಎಲ್ಲಕ್ಕೂ ‘ಕೂಡದು’ ಎನ್ನುವುದು ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ನಿಜದಲ್ಲಿ ಅದು ಮೂರು ಪಟ್ಟಿ ಮಾಡಿ ಮೂರು ಬಗೆಯಲ್ಲಿ ನಡೆದುಕೊಳ್ಳುತ್ತದೆ. ಮೊದಲ ಪಟ್ಟಿಯವು ಇನ್ನೇನು ಅಳಿದಾವು ಎಂಬಂಥವು. ಕಾಡಿನಿಂದ ಹಿಡಿದು ತಂದದ್ದರ ವ್ಯಾಪಾರಕ್ಕೆ ಅಲ್ಲಿ ಬಾಗಿಲು ಮುಚ್ಚಿದೆ. ಹುಲಿ, ಏಷ್ಯಾದ ಆನೆ ಇದರಲ್ಲಿವೆ. ಚಿಪ್ಪುಹಂದಿಯ ಎಂಟೂ ಜಾತಿಗಳನ್ನು ಈ ಪಟ್ಟಿಗೆ ಸೇರಿಸುವ ತೀರ್ಮಾನ 2016ರಲ್ಲಿ ಆಯಿತು. ಭಾರತ ಮತ್ತು ನೆರೆಯ ದೇಶಗಳ ಕೋರಿಕೆಯ ಮೇಲೆ 2019ರಲ್ಲಿ ನಮ್ಮ ನಕ್ಷತ್ರ ಆಮೆಯೂ ಸೇರಿತು. ಎರಡನೆಯ ಪಟ್ಟಿಯವು ಇಂದೇ ಅಳಿಯುವಂಥವಲ್ಲ, ಆದರೆ ಕಣ್ಣು ಮುಚ್ಚಿ ಮಾರಲು ಬಿಟ್ಟರೆ ಅಳಿದಾವು. ಇಲ್ಲಿ ವ್ಯಾಪಾರ ಉಂಟು, ಆದರೆ ಬಾಗಿಲಲ್ಲಿ ಲೆಕ್ಕ ಬರೆಸಿ ಹೋಗಬೇಕು. ಈ ಸರಕು ಹೊರಹೋದರೆ ಆ ಜೀವಿಯ ಸಂತತಿಗೆ ಕೇಡಿಲ್ಲ ಎಂದು ಬಲ್ಲವರು ಹೇಳಿದ ಮೇಲಷ್ಟೇ ಪರವಾನಗಿ. ಕಾಡುಪಾಪವೂ ಮಣ್ಣುಮುಕ್ಕ ಹಾವೂ ಈ ಪಟ್ಟಿಯಲ್ಲಿವೆ. ಒಳನಾಡಿನಲ್ಲಿ ನಮ್ಮದೇ ಕಾಯ್ದೆ ಅವುಗಳನ್ನು ಇನ್ನೂ ಬಿಗಿಯಾಗಿ ಕಾಯುತ್ತದೆ. ಮೂರನೆಯದು, ಒಂದು ದೇಶ ತನ್ನಲ್ಲಿನ ಜೀವಿಯನ್ನು ಕಾಯಲು ಉಳಿದವರ ನೆರವು ಕೇಳುವ ಪಟ್ಟಿ.

ಎರಡನೆಯ ಪಟ್ಟಿಯ ಅರ್ಥ ತಿಳಿಯಲು ನಮ್ಮ ಕುಶಲಕರ್ಮಿಗಳ ಅಂಗಳಕ್ಕೆ ಹೋದರೆ ಸಾಕು. ಚನ್ನಪಟ್ಟಣದ ಬೊಂಬೆಗೆ ಬಳಸುವ ಹಾಲೆ ಮರ ಸೈಟಿಸ್ ಪಟ್ಟಿಯಲ್ಲಿ ಇಲ್ಲ. ಬೊಂಬೆ ಹಡಗು ಹತ್ತಲು ಆ ಒಪ್ಪಂದದ ಕಾಗದ ಬೇಡ. ಮೈಸೂರಿನ ಕೆತ್ತನೆಯವರು ಬಳಸುವ ಬೀಟೆಯ ಮಾತು ಬೇರೆ. ಪ್ರಪಂಚದಾದ್ಯಂತ ಈ ಕುಲದ ಮರಗಳು ಪೀಠೋಪಕರಣದ ಆಸೆಗೆ ನೆಲಕಚ್ಚುತ್ತಿದ್ದುದರಿಂದ 2017ರಲ್ಲಿ ಬಹುತೇಕ ಇಡೀ ಕುಲವೇ ಎರಡನೆಯ ಪಟ್ಟಿ ಸೇರಿತು. ಇದರಿಂದ ಉತ್ತರ ಭಾರತದಲ್ಲಿ ಅದೇ ಕುಲದ ಶೀಶಮ್ ಮರದ ಕೆಲಸದವರಿಗೆ ಪೆಟ್ಟು ಬಿತ್ತು. ಭಾರತ ಆ ಅಹವಾಲನ್ನು 2022ರಲ್ಲಿ ಪನಾಮದ ಸಭೆಗೆ ಒಯ್ದಿತು. ಒಂದೊಂದು ವಸ್ತುವೂ 10 ಕಿಲೋ ಒಳಗಿದ್ದರೆ ಎಷ್ಟು ವಸ್ತುಗಳನ್ನಾದರೂ ಪರವಾನಗಿಯಿಲ್ಲದೆ ಒಟ್ಟಿಗೆ ಕಳಿಸಬಹುದು ಎಂದು ಶೀಶಮ್‌ಗೆ ದಾರಿ ಮಾಡಿಕೊಡಲಾಯಿತು. ಬದುಕು ಕಟ್ಟಿಕೊಂಡವರ ಅಳಲಿಗೆ ಕಿವಿಗೊಟ್ಟು ತಿದ್ದಿಕೊಳ್ಳುವ ಕಾನೂನು ಇದು. ಹಾಗೆ ತಿದ್ದಿಕೊಂಡಾಗ ಅದು ಸಡಿಲವಾಗುವುದಿಲ್ಲ, ಜನ ಒಪ್ಪುವ ಕಾನೂನಾಗುತ್ತದೆ.

ನಮ್ಮದೇ ಕಾನೂನಿನಲ್ಲೂ ಬಹುಕಾಲ ಒಂದು ಬಿರುಕಿತ್ತು. 1972ರ ಕಾಯ್ದೆ ಕಾಯುತ್ತಿದ್ದುದು ನಮ್ಮ ನೆಲದ ಜೀವಿಗಳನ್ನು. ಹೊರದೇಶದ ಓತಿ, ಹೆಬ್ಬಾವು, ಗಿಳಿಗಳು ಕಳ್ಳದಾರಿಯಲ್ಲಿ ಬಂದು ವಿಮಾನ ನಿಲ್ದಾಣ ದಾಟಿದವೆಂದರೆ ಆಮೇಲೆ ಅವುಗಳನ್ನು ಕೇಳುವ ಕಾನೂನು ಇರಲಿಲ್ಲ. 2023ರ ಆಗಸ್ಟ್‌ನಲ್ಲಿ ನಮ್ಮ ಮಾಗಡಿ ಸೀಮೆಯ ಕೆಂಪೇಗೌಡರ ಹೆಸರು ಹೊತ್ತ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಪ್ರಯಾಣಿಕನೊಬ್ಬನ ಟ್ರಾಲಿ ಬ್ಯಾಗ್ ತೆರೆದಾಗ 234 ಜೀವಿಗಳು ಸಿಕ್ಕವು. ಹೆಬ್ಬಾವು, ಗೋಸುಂಬೆ, ಆಮೆ, ಮೊಸಳೆ ಜಾತಿಯ ಮರಿ. ನಡುವೆ ಒಂದು ಕಾಂಗರೂ ಮರಿ ಉಸಿರುಗಟ್ಟಿ ಸತ್ತಿತ್ತು. ತಾಯಿಯ ಹೊಟ್ಟೆಯ ಚೀಲದಲ್ಲಿ ಬೆಚ್ಚಗಿರಬೇಕಾದ ಮರಿ ಬೆಂಗಳೂರಿನವರ ಶೋಕಿಗೆಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸತ್ತದ್ದನ್ನು ನೆನೆದರೆ ಇಂದಿಗೂ ಕರುಳು ಕಿವುಚುತ್ತದೆ. ಆ ಹೊತ್ತಿಗೆ ಬಿರುಕು ಮುಚ್ಚಿತ್ತೆಂಬುದು ಸಮಾಧಾನ. 2022ರ ತಿದ್ದುಪಡಿ ಸೈಟಿಸ್ ಪಟ್ಟಿಯ ಜೀವಿಗಳನ್ನು ನಮ್ಮ ಕಾಯ್ದೆಯೊಳಕ್ಕೆ ತಂದಿತು, 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಆ ಪಟ್ಟಿಯ ಹೊರದೇಶದ ಗಿಳಿಯನ್ನೋ ಓತಿಯನ್ನೋ ಮನೆಯಲ್ಲಿ ಸಾಕುವವರು ಸರ್ಕಾರದ ಪೋರ್ಟಲ್‌ನಲ್ಲಿ ನೋಂದಾಯಿಸಬೇಕೆಂಬ ನಿಯಮ 2024ರಲ್ಲಿ ಬಂತು.

ಇಷ್ಟೆಲ್ಲ ಏಕೆ, ಒಂದು ಜೀವಿ ಹೋದರೆ ನಮಗೇನು ನಷ್ಟ ಎಂಬ ಪ್ರಶ್ನೆ ಉಳಿಯುತ್ತದೆ. ಗದ್ದೆ ಬಯಲಿನವರು ಇದಕ್ಕೆ ಒಂದು ಉತ್ತರ ಬಲ್ಲರು. ಒಂದು ಕಾಲಕ್ಕೆ ಭಾರತ ಹೊರದೇಶಗಳ ಊಟದ ಮೇಜಿಗೆ ವರ್ಷಕ್ಕೆ ಸಾವಿರಾರು ಟನ್ ಕಪ್ಪೆ ಕಾಲು ಕಳಿಸುತ್ತಿತ್ತು. ಡಾಲರ್ ಬಂತು. ಆದರೆ ಗದ್ದೆಯಲ್ಲಿ ಕೀಟ ತಿನ್ನುವವರು ಇಲ್ಲವಾದರು. ಕಪ್ಪೆ ಮಾಡುತ್ತಿದ್ದ ಕೆಲಸವನ್ನು ಔಷಧಿ ಹೊಡೆದು ಮಾಡಬೇಕಾಯಿತು. 1985ರಲ್ಲಿ ಆ ಕಪ್ಪೆಗಳು ಸೈಟಿಸ್ ಪಟ್ಟಿ ಸೇರಿದವು, 1987ರಲ್ಲಿ ಭಾರತ ರಫ್ತನ್ನೇ ನಿಲ್ಲಿಸಿತು. ಕಪ್ಪೆ ಕಾಲಿನ ಬೆಲೆ ಬಿಲ್ಲಿನಲ್ಲಿ ಬರೆದಿತ್ತು. ಕಪ್ಪೆಯ ದುಡಿಮೆಯ ಬೆಲೆ ಎಲ್ಲೂ ಬರೆದಿರಲಿಲ್ಲ.

ಇನ್ನೊಂದು ಉತ್ತರ ರಾಮನಗರದ ರಾಮದೇವರ ಬೆಟ್ಟದ ಬಂಡೆಗಳ ಮೇಲಿದೆ. ಉದ್ದಕೊಕ್ಕಿನ ರಣಹದ್ದುಗಳ ಕೊನೆಯ ನೆಲೆಗಳಲ್ಲಿ ಒಂದಾದ ಈ ಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಧಾಮವೆಂದು ಘೋಷಿಸಲಾಯಿತು, ಸುಮಾರು 346 ಹೆಕ್ಟೇರ್. ರಣಹದ್ದುಗಳನ್ನು ಅಳಿಸಿದ್ದು ಅವುಗಳ ಮಾರಾಟವಲ್ಲ, ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯ ಮಾರಾಟ. ಆ ಔಷಧಿ ಉಳಿದ ಹೆಣ ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. 1990ರ ದಶಕದಿಂದ ದೇಶದಲ್ಲಿ ಈ ಹಕ್ಕಿಗಳು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಇಲ್ಲವಾದವು. 2006ರಲ್ಲಿ ಪಶುಗಳಿಗೆ ಆ ಔಷಧಿಯನ್ನು ನಿಷೇಧಿಸುವ ಹೊತ್ತಿಗೆ ಬಹಳ ತಡವಾಗಿತ್ತು. ಹೆಣ ಕೊಳೆತವು, ನೀರು ಕೆಟ್ಟಿತು, ಬೀದಿನಾಯಿ ಹೆಚ್ಚಿದವು. 2000ದಿಂದ 2005ರ ನಡುವೆ ಇದರಿಂದಾಗಿ ದೇಶದಲ್ಲಿ ಸುಮಾರು 5 ಲಕ್ಷ ಜನ ಹೆಚ್ಚುವರಿಯಾಗಿ ಸತ್ತಿರಬಹುದೆಂದು ಅರ್ಥಶಾಸ್ತ್ರಜ್ಞರಾದ ಈಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಲೆಕ್ಕ ಹಾಕಿದ್ದಾರೆ. ಕಾನೂನು ತಡವಾಗಿ ಬಂದರೆ ತೆರಬೇಕಾದ ಬೆಲೆ ಎಂಥದೆಂದು ನಮ್ಮ ಜಿಲ್ಲೆಯ ಬೆಟ್ಟವೇ ಹೇಳುತ್ತಿದೆ.

ಕಾನೂನಿನ ಕೊರತೆಯನ್ನೂ ಹೇಳಲೇಬೇಕು. ಸಿಕ್ಕಿಬೀಳುವವರಲ್ಲಿ ಹೆಚ್ಚಿನವರು ಹಿಡಿದವರು, ಹೊತ್ತವರು. ದುಡ್ಡು ಹೂಡಿದವನು, ಸುಳ್ಳು ಹಬ್ಬಿಸಿದವನು, ಊರೂರು ಸುತ್ತಿ ಆಸೆ ಹುಟ್ಟಿಸಿದ ದಲ್ಲಾಳಿ ಬಹಳ ಸಲ ಹೊರಗೇ ಉಳಿಯುತ್ತಾನೆ. ಕೂಲಿಯವನೊಬ್ಬ ಜೈಲಿಗೆ ಹೋದರೆ ದಂಧೆ ನಿಲ್ಲುವುದಿಲ್ಲ, ಅವನ ಜಾಗಕ್ಕೆ ಇನ್ನೊಬ್ಬ ಬಡವ ಬರುತ್ತಾನೆ. ಕಾನೂನಿನ ಕೈ ಹಿಡಿದವನಿಂದ ಹಣ ಕೊಟ್ಟವನವರೆಗೆ ಚಾಚಬೇಕು.

ಬಾಗಿಲು ಮುಚ್ಚುವಾಗ ಇನ್ನೊಂದು ಬಾಗಿಲು ತೆರೆಯುವುದೂ ಅಷ್ಟೇ ಮುಖ್ಯ. ತಮಿಳುನಾಡಿನ ಇರುಳ ಬುಡಕಟ್ಟಿನವರು ಹಾವು ಹಿಡಿಯುವುದರಲ್ಲಿ ನಿಸ್ಸೀಮರು. ಹಾವಿನ ಚರ್ಮದ ರಫ್ತು ನಿಂತಾಗ ಅವರ ಅನ್ನಕ್ಕೆ ಕಲ್ಲು ಬಿತ್ತು. 1978ರಲ್ಲಿ ಹಾವು ತಜ್ಞ ರೊಮುಲಸ್ ವಿಟೇಕರ್ ಅವರ ನೆರವಿನಿಂದ ಇರುಳರದೇ ಸಹಕಾರ ಸಂಘ ಹುಟ್ಟಿತು. ಪರವಾನಗಿ ಪಡೆದು ಹಾವು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಹಾವು ಕಡಿತದ ಮದ್ದು ತಯಾರಾಗುವುದು ಆ ವಿಷದಿಂದ. ಚರ್ಮಕ್ಕಾಗಿ ಸಾಯುತ್ತಿದ್ದ ಹಾವು ಈಗ ಬದುಕಿದ್ದು ಮನುಷ್ಯನ ಜೀವ ಉಳಿಸುತ್ತಿದೆ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳಲ್ಲಿ ವಿಕೂನ ಎಂಬ ಪ್ರಾಣಿ ನಯವಾದ ಉಣ್ಣೆಗಾಗಿ ಬಲಿಯಾಗುತ್ತಾ 1960ರ ದಶಕದಲ್ಲಿ ಸುಮಾರು 10,000ಕ್ಕೆ ಇಳಿದಿತ್ತು. ಸೈಟಿಸ್ ಮೊದಲು ವ್ಯಾಪಾರವನ್ನು ಪೂರ್ತಿ ನಿಲ್ಲಿಸಿತು. ಸಂತತಿ ಚೇತರಿಸಿದ ಕಡೆಗಳಲ್ಲಿ, ಜೀವಂತ ಹಿಡಿದು ಉಣ್ಣೆ ಕತ್ತರಿಸಿ ಬಿಡುವುದಾದರೆ ಮಾರಬಹುದು ಎಂದಿತು. ಅದು ಬದುಕಿದ್ದರೇ ಲಾಭ ಎಂದು ಹಳ್ಳಿಯವರಿಗೆ ಮನದಟ್ಟಾಯಿತು. ಇಂದು ವಿಕೂನಗಳು ಲಕ್ಷಗಳಲ್ಲಿವೆ. ಮಾಗಡಿ, ರಾಮನಗರದ ಬೆಟ್ಟಗಳ ಬುಡದಲ್ಲೂ ಕಾಡನ್ನು ಅಂಗೈಯಂತೆ ಬಲ್ಲ ಇರುಳಿಗರಿದ್ದಾರೆ. ಕಾವಲಿಗೆ, ಗಣತಿಗೆ, ದಾರಿ ತೋರಿಸುವ ಕೆಲಸಕ್ಕೆ ಅವರನ್ನು ಮೊದಲು ಕರೆಯಬೇಕು.

ಕಾನೂನು ಹೋಗಲಾಗದ ಕಡೆಗೆ ತಿಳಿವಳಿಕೆ ಹೋಗಬಲ್ಲದು. ನಾಗವಲ್ಲಿಯಲ್ಲಿ ಶಾಲೆಯ ಮಕ್ಕಳೂ ಮೇಷ್ಟ್ರೂ ಕಾಡುಪಾಪಗಳ ಜಾಡು ಹಿಡಿದು, ಅಪಶಕುನವೆಂಬ ಭಯ ಬಿಡಿಸಿ, ಊರವರಿಗೆ ಅವನ್ನು ತಮ್ಮವಾಗಿಸಿದರು. ಅದು ಯಾವ ಊರಿಗೂ ಸಾಧ್ಯ. ಮಣ್ಣುಮುಕ್ಕ ಹಾವಿಗೆ ಗಿರಾಕಿ ಇದ್ದಾನೆಂದು ಯಾರಾದರೂ ಕಿವಿಯಲ್ಲಿ ಉಸುರಿದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಒಂದು ಕರೆ ಮಾಡುವುದು ನಮ್ಮ ಪಾಲಿನ ಕೆಲಸ.

ಕುದೂರಿನಿಂದ ಹುಲಿಕಲ್ಲಿಗೆ ಹೋಗುವ ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕನವರು ಗಂಡನೊಡನೆ ನೀರು ಹೊತ್ತು ಬೆಳೆಸಿದ ಆಲದ ಮರಗಳಿವೆ. 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆ ಆ ಮರಗಳ ಬುಡಕ್ಕೆ ಬಂದಾಗ ಶತಾಯುಷಿ ತಿಮ್ಮಕ್ಕ ಮುಖ್ಯಮಂತ್ರಿಗಳ ಮೊರೆಹೋದರು. ಕಡಿದರೆ ಸೌದೆಗೆ ಇಂತಿಷ್ಟು ಎಂದು ಬೆಲೆ ಕಟ್ಟಬಹುದಾದ ಮರಗಳೇ ಅವು. ಅವರ ಕಣ್ಣಿಗೆ ಅವು ಬೇರೆಯಾಗಿದ್ದವು. ಎಲ್ಲದಕ್ಕೂ ಬೆಲೆ ಕಟ್ಟುವ ಕಾಲದಲ್ಲಿ ಕೆಲವನ್ನು ಮಾರಾಟದ ಆಚೆ ಇಡಬೇಕೆಂಬ ವಿವೇಕ ಈ ಮಣ್ಣಿಗೆ ಹೊಸದಲ್ಲ.

ಟೀ ಅಂಗಡಿಯ ಹುಡುಗನಿಗೆ ಆವತ್ತು ನಾನು ಕೊಟ್ಟ ಉತ್ತರ ಅಲ್ಲಿದ್ದ ಅವರೆ ಮೂಟೆಯಿಂದಲೇ ಬಂದದ್ದು. ಇಷ್ಟೊಂದು ಕಾಯಿ ಮಾರುವವರು ಹೊಲವನ್ನೆಲ್ಲ ಬರಿದು ಮಾಡಿಬಿಟ್ಟರೆ ಮುಂದಿನ ವರ್ಷಕ್ಕೇನು ಎಂದು ಕೇಳಿದೆ. “ಬೀಜಕ್ಕೆ ಬಿಟ್ಟಿರ್ತಾರಲ್ಲ ಸಾರ್,” ಎಂದ. ಹೌದು, ಗಟ್ಟಿ ಕಾಯಿ ಗಿಡದಲ್ಲೇ ಒಣಗಲು ಬಿಟ್ಟು, ಬಿಡಿಸಿ, ಬೂದಿ ಬೆರೆಸಿ ಅಟ್ಟದ ಮಡಕೆಯಲ್ಲಿಡುತ್ತಿದ್ದರು ನಮ್ಮ ಅಜ್ಜಿಯರು. ಬರ ಬಂದು ಒಲೆ ಆರಿದ ದಿನವೂ ಆ ಮಡಕೆಗೆ ಕೈ ಹಾಕಲು ಬಿಡುತ್ತಿರಲಿಲ್ಲ. ಹೊಲದ ಆ ಹಾವು, ಸಾವನದುರ್ಗದ ಆ ಕಾಡುಪಾಪ ಕಾಯಿಯಲ್ಲ ಕಣಪ್ಪ, ಬೀಜ. ಇನ್ನು ಉಳಿದಿರುವುದು ಬೀಜಕ್ಕೆ ಬೇಕಾದಷ್ಟೇ. ಅದನ್ನು ಮಾರಬೇಡಿ ಎನ್ನುವುದೇ ಈ ಕಾನೂನು ಎಂದೆ. ಅವನು ಪೇಪರ್ ಮಡಿಸಿಟ್ಟು ಸ್ವಲ್ಪ ಹೊತ್ತು ಮೂಟೆಗಳನ್ನೇ ನೋಡುತ್ತಾ ಕುಳಿತಿದ್ದ.